ಯಂತ್ರದ ಕೀಲಿಕೈ ಯಾರ ಕೈಯಲ್ಲಿರಬೇಕು?

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ರಾಜ್ಯದ ಎಲ್ಲೆ ಮುಗಿಯುವುದಕ್ಕೆ ಸ್ವಲ್ಪ ಮೊದಲು ಅತ್ತಿಬೆಲೆ ಎಂಬ ಊರು ಸಿಗುತ್ತದೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರಿನ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳ ನಡುವೆ ತಗಡಿನ ಮಾಡಿನ ಸಣ್ಣ ಷೆಡ್ಡುಗಳೂ ಉಂಟು. ಅಂಥ ಒಂದು ಷೆಡ್ಡಿಗೆ ಕೆಲವು ತಿಂಗಳ ಹಿಂದೆ ನಾವು ಹೋಗಿದ್ದೆವು. ಅಲ್ಲಿ ನಡೆದಿದ್ದ ಒಂದು ಅವಘಡ ಮೇಲುನೋಟಕ್ಕೆ ಕೇವಲ ಒಬ್ಬ ಹುಡುಗನ ಅಜಾಗರೂಕತೆಯಂತೆ ತೋರುತ್ತಿತ್ತು. ಒಳಹೊಕ್ಕು ನೋಡಿದಾಗ, ನಾಳೆ ಕಾರ್ಖಾನೆಗಳಿಗೆ ಕಾಲಿಡಲಿರುವ ನಮ್ಮ ತರುಣ ವಾಚಕರೆಲ್ಲರೂ ಎದುರಿಸಬೇಕಾದ ಒಂದು ಪ್ರಶ್ನೆ ಅದರಲ್ಲಿ ಅಡಗಿದೆಯೆಂದು ನಮಗೆ ತೋರಿತು. ಆದಕಾರಣ ಈ ಲೇಖನ.

ಷೆಡ್ಡಿನ ಮೂಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಒಂದು ಮಿಲ್ಲಿಂಗ್ ಯಂತ್ರವಿದೆ. ಅದರ ಎರಕದ ಮೈ ಇನ್ನೂ ಗಟ್ಟಿಯಾಗಿಯೇ ಇದೆ. ಆದರೆ ಅದನ್ನು ನಡೆಸುತ್ತಿದ್ದ ನಿಯಂತ್ರಣ ಪೆಟ್ಟಿಗೆ ಕೆಟ್ಟು, ಬಿಡಿಭಾಗಗಳು ಸಿಗದೆ ಹೋದವು. ಮಾಲೀಕರು ಆ ಪೆಟ್ಟಿಗೆಯನ್ನು ಕಿತ್ತುಹಾಕಿ, ಅದರ ಸ್ಥಾನದಲ್ಲಿ ಒಂದು ಸಾಧಾರಣ ಕಂಪ್ಯೂಟರನ್ನು ಕೂರಿಸಿ, ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವನ್ನು ಹಾಕಿಸಿದರು. ಈ ತಂತ್ರಾಂಶದ ಬೀಜ ಬಿದ್ದುದು 1990ರ ದಶಕದಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ. ಮೊದಲು ಇಎಂಸಿ ಎಂದು ಕರೆಯಲಾಗುತ್ತಿದ್ದ ಇದಕ್ಕೆ, ಅದೇ ಹೆಸರಿನ ಒಂದು ದೊಡ್ಡ ಕಂಪನಿಯ ಆಕ್ಷೇಪ ಬಂದುದರಿಂದ, 2011ರಲ್ಲಿ ಈಗಿನ ಹೆಸರನ್ನು ಇಟ್ಟರು. ಯಾರು ಬೇಕಾದರೂ ಇದನ್ನು ಬೆಲೆ ತೆರದೆ ಪಡೆಯಬಹುದು; ಒಳಗನ್ನು ಬಿಚ್ಚಿ ಓದಬಹುದು, ತಿದ್ದಲೂಬಹುದು. ಸಣ್ಣ ಬಂಡವಾಳದವರಿಗೆ ಇದೊಂದು ವರದಾನವೆಂದೇ ಹೇಳಬೇಕು.

ಆ ಯಂತ್ರದ ಮೇಲೆ ಡಿಪ್ಲೊಮಾ ಮುಗಿಸಿದ ಒಬ್ಬ ತರುಣ ಕೆಲಸ ಮಾಡುತ್ತಿದ್ದ. ಪ್ರತಿಯೊಂದು ಜಾಬು ಮುಗಿದಾಗಲೂ ಅದರ ವೇಳೆಯನ್ನು ಪುಸ್ತಕದಲ್ಲಿ ಕೈಯಿಂದ ಬರೆಯಬೇಕಾಗಿತ್ತು. ಈ ಬೇಸರದ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದೆಂದು ಆತ ಯೋಚಿಸಿದ. ಲಿನಕ್ಸ್‌ಸಿಎನ್‌ಸಿಯಲ್ಲಿ ಅದಕ್ಕೊಂದು ಸೊಗಸಾದ ಏರ್ಪಾಡು ಇದೆ. ಯಂತ್ರಕ್ಕೆ ಕೊಡುವ ಆಜ್ಞೆಗಳ ಪೈಕಿ ಎಂ100ರಿಂದ ಎಂ199ರವರೆಗಿನ ನೂರು ಆಜ್ಞೆಗಳನ್ನು ಬಳಸುವವರಿಗೇ ಬಿಟ್ಟಿದ್ದಾರೆ. ನೀವು ಒಂದು ಸಣ್ಣ ಕಾರ್ಯಸೂಚಿಯನ್ನು, ಅಂದರೆ ವೃತ್ತಿಯವರು ಸ್ಕ್ರಿಪ್ಟ್ ಎನ್ನುವುದನ್ನು, ಬರೆದು ಅದಕ್ಕೆ ಎಂ110 ಎಂದು ಹೆಸರಿಟ್ಟು ಗೊತ್ತಾದ ಜಾಗದಲ್ಲಿ ಇಟ್ಟರೆ ಸಾಕು; ಯಂತ್ರ ತನ್ನ ಪ್ರೋಗ್ರಾಮನ್ನು ಓದುತ್ತ ಎಂ110 ಎಂಬಲ್ಲಿಗೆ ಬಂದಾಗ ಅಲ್ಲಿಯೇ ನಿಂತು, ನಿಮ್ಮ ಕಾರ್ಯಸೂಚಿಯನ್ನು ನಡೆಸಿ, ಅದು ಮುಗಿದ ಮೇಲೆ ಮುಂದಕ್ಕೆ ಸಾಗುತ್ತದೆ. ಈ ನಿಲುಗಡೆಯಲ್ಲಿ ಸ್ಪಿಂಡಲು ತಿರುಗುತ್ತಿದ್ದರೆ ತಿರುಗುತ್ತಲೇ ಇರುತ್ತದೆಂಬುದನ್ನು ಮಾತ್ರ ಮರೆಯಬಾರದು. ಕಾರ್ಯಸೂಚಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಉಳಿ ಲೋಹವನ್ನು ಉಜ್ಜುತ್ತ ನಿಂತುಬಿಡುತ್ತದೆ!

ತರುಣ ಬರೆದ. ಯಂತ್ರ ನಡೆಸಲಿಲ್ಲ. ಪರದೆಯ ಮೇಲೆ ಬಂದ ಮಾತಿನ ತಾತ್ಪರ್ಯ: 'ಅಪರಿಚಿತ ಎಂ ಆಜ್ಞೆ'. ಆಜ್ಞೆಯ ಹೆಸರು ಸರಿಯಾಗಿತ್ತು, ಜಾಗ ಸರಿಯಾಗಿತ್ತು, ಆದರೂ ಅಪರಿಚಿತ! ನಿಜವಾದ ಕಾರಣ ಬಹಳ ಸಣ್ಣದು. ಆ ಕಡತಕ್ಕೆ 'ನಡೆಸಬಹುದು' ಎಂಬ ಅನುಮತಿಯ ಗುರುತನ್ನು ಹಾಕಿರಲಿಲ್ಲ. ಹಾಗೆ ಹಾಕದಿದ್ದರೂ, ಹೆಸರಿನ ಕೊನೆಗೆ ಚುಕ್ಕಿಯಿಟ್ಟು ಬಾಲ ಸೇರಿಸಿದರೂ, ದೊಡ್ಡ ಎಂ ಬದಲು ಚಿಕ್ಕ ಎಂ ಬರೆದರೂ ಬರುವುದು ಅದೇ ಮಾತು. ರೋಗ ಬೇರೆ ಬೇರೆ, ಚೀಟಿ ಒಂದೇ. ಇಂಥ ಮಾತುಗಳನ್ನು ಬರೆಯುವ ತಂತ್ರಾಂಶಕಾರರ ಮೇಲೆ ನಮಗೆ ಸ್ವಲ್ಪ ಅಸಮಾಧಾನವಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಆತ ಯಂತ್ರಕ್ಕೆ ಕಂಪ್ಯೂಟರ್ ಕೂರಿಸಿಕೊಟ್ಟಿದ್ದ ತಂತ್ರಜ್ಞರಿಗೆ ಫೋನು ಮಾಡಿದ. ಅವರಿಗೂ ಅವಸರ. "ಎಲ್ಲದಕ್ಕೂ 777 ಕೊಟ್ಟುಬಿಡಪ್ಪ, ಪಾಸ್‌ವರ್ಡ್ ಕೇಳದ ಹಾಗೆ ಮಾಡಿಬಿಡು, ಆಮೇಲೆ ತೊಂದರೆಯೇ ಇರುವುದಿಲ್ಲ" ಎಂದರು. ತರುಣ ಹಾಗೆಯೇ ಮಾಡಿದ. ಎಂ110 ನಡೆಯಿತು. ಮಾಲೀಕರಿಗೂ ಸಂತೋಷವಾಯಿತು.

ಈ ಸಲಹೆಯ ಅರ್ಥವೇನೆಂಬುದನ್ನು ವಾಚಕರು ತಿಳಿಯಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟತೊಡಗಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಪದ್ಧತಿಯನ್ನು ಅನುಸರಿಸುತ್ತದೆ. ಈ ಪದ್ಧತಿಯಲ್ಲಿ ಪ್ರತಿಯೊಂದು ಕಡತಕ್ಕೂ ಮೂರು ಬಗೆಯ ಜನರುಂಟು: ಕಡತದ ಒಡೆಯ, ಅವನ ಗುಂಪಿನವರು, ಉಳಿದೆಲ್ಲರು. ಒಬ್ಬೊಬ್ಬರಿಗೂ ಮೂರು ಬಗೆಯ ಹಕ್ಕುಗಳನ್ನು ಕೊಡಬಹುದು. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1 ಎಂದು ಅಂಕಗಳು. ಮೂರೂ ಕೂಡಿದರೆ 7. ಓದು ಮತ್ತು ನಡೆಸು ಮಾತ್ರವಾದರೆ 5. ಆದ್ದರಿಂದ 755 ಎಂದರೆ ಒಡೆಯನಿಗೆ ಎಲ್ಲವೂ ಉಂಟು, ಉಳಿದವರು ಓದಬಹುದು, ನಡೆಸಬಹುದು, ಆದರೆ ತಿದ್ದಲಾಗದು. 777 ಎಂದರೆ ಆ ಕಂಪ್ಯೂಟರಿನ ಮುಂದೆ ಯಾವ ಹೆಸರಿನಲ್ಲಿ ಬಂದವನಾದರೂ ಆ ಕಡತವನ್ನು ತಿದ್ದಬಹುದು. ನಮ್ಮ ತರುಣನಿಗೆ ಬೇಕಾಗಿದ್ದುದು ತನ್ನ ಒಂದೇ ಕಡತಕ್ಕೆ 755. ಆತನಿಗೆ ದೊರೆತದ್ದು ಇಡೀ ಮನೆಯ ಗೋಡೆ ಕೆಡವುವ ಸಲಹೆ.

ಅದಕ್ಕಿಂತಲೂ ಅಪಾಯಕರವಾದುದು ಎರಡನೆಯ ಮಾತು. ಲಿನಕ್ಸಿನಲ್ಲಿ ರೂಟ್ ಎಂಬ ಒಬ್ಬ ಸರ್ವಾಧಿಕಾರಿ ಇದ್ದಾನೆ. ಮೇಲೆ ಹೇಳಿದ ಅಂಕಗಳಾವುವೂ ಅವನನ್ನು ತಡೆಯಲಾರವು. ಸುಡೋ ಎಂಬ ಉಪಾಯದಿಂದ ಸಾಮಾನ್ಯ ಬಳಕೆದಾರನು, ಪಾಸ್‌ವರ್ಡ್ ಕೊಟ್ಟು, ಒಂದು ಕ್ಷಣದ ಮಟ್ಟಿಗೆ ಅವನ ವೇಷ ತೊಡಬಹುದು. ಪಾಸ್‌ವರ್ಡ್ ಕೇಳುವುದನ್ನೇ ನಿಲ್ಲಿಸಿದ ಮೇಲೆ, ತರುಣ ಬರೆದ ಕಾರ್ಯಸೂಚಿಗಳು ಸಹ ಯಾರನ್ನೂ ಕೇಳದೆ ಆ ವೇಷ ತೊಡತೊಡಗಿದವು.

ಕೆಲವು ವಾರಗಳ ಬಳಿಕ ಆತ ಮತ್ತೊಂದು ಕಾರ್ಯಸೂಚಿ ಬರೆದ: ಪೆನ್ ಡ್ರೈವಿನಲ್ಲಿ ತುಂಬಿದ ಹಳೆಯ ದಾಖಲೆಗಳನ್ನು ಅಳಿಸುವುದು. ಮೊದಲ ಸಾಲು ಪೆನ್ ಡ್ರೈವ್ ಎಲ್ಲಿದೆಯೆಂದು ಹುಡುಕಿ ಅದರ ಹೆಸರನ್ನು ನೆನಪಿಟ್ಟುಕೊಳ್ಳುತ್ತಿತ್ತು. ಎರಡನೆಯ ಸಾಲು, ರೂಟ್ ವೇಷದಲ್ಲಿ, ಆ ಹೆಸರಿನ ಕೆಳಗಿರುವುದನ್ನೆಲ್ಲ ಅಳಿಸುತ್ತಿತ್ತು. ಒಂದು ಸಂಜೆ ಪೆನ್ ಡ್ರೈವನ್ನು ಯಾರೋ ತೆಗೆದುಕೊಂಡು ಹೋಗಿದ್ದರು. ಮೊದಲ ಸಾಲಿಗೆ ಹೆಸರು ಸಿಗಲಿಲ್ಲ. ಹೆಸರಿನ ಜಾಗ ಖಾಲಿ. ಖಾಲಿ ಹೆಸರಿನ ಕೆಳಗಿರುವುದೆಲ್ಲ ಎಂದರೆ ಲಿನಕ್ಸಿನ ಲೆಕ್ಕದಲ್ಲಿ ಬುಡದಿಂದ ತುದಿಯವರೆಗೆ ಇಡೀ ಕಂಪ್ಯೂಟರು. ಎರಡನೆಯ ಸಾಲು ನಿಷ್ಠೆಯಿಂದ ತನ್ನ ಕೆಲಸ ಮಾಡಿತು. ಮಾರನೆಯ ಬೆಳಿಗ್ಗೆ ಯಂತ್ರ ಏಳಲಿಲ್ಲ. ಮೂರು ವರ್ಷಗಳಲ್ಲಿ ಕೂಡಿಸಿದ್ದ ಜಾಬುಗಳ ಪ್ರೋಗ್ರಾಮುಗಳು, ಟೂಲುಗಳ ಅಳತೆಯ ಪಟ್ಟಿ, ಯಂತ್ರದ ಹೊಂದಾಣಿಕೆಗಳು, ಎಲ್ಲವೂ ಹೋಗಿದ್ದವು. ಯಂತ್ರ ಮತ್ತೆ ಚಿಪ್ಪು ಕತ್ತರಿಸಲು ಎರಡೂವರೆ ದಿನ ಹಿಡಿಯಿತು. ತರುಣನನ್ನು ಕೆಲಸದಿಂದ ತೆಗೆಯುವ ಮಾತು ಬಂದುದು ಆಗಲೇ, ನಮ್ಮನ್ನು ಕರೆದುದೂ ಆಗಲೇ.

"ಇನ್ನು ಮೇಲೆ ಆಪರೇಟರ್ ಆದವನು ಗುಂಡಿ ಒತ್ತಬೇಕು ಅಷ್ಟೇ ಸಾರ್, ಬೇರೆ ಏನೂ ಮುಟ್ಟಕೂಡದು" ಎಂದು ಮಾಲೀಕರು ಹೇಳಿದರು. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೂ ಈ ತೀರ್ಮಾನ ಸರಿಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಯಂತ್ರದ ಮೇಲಣ ಅಧಿಕಾರ ಕೈಯಿಂದ ಕೈಗೆ ಸಾಗಿಬಂದ ಕಥೆಯನ್ನು ಸ್ವಲ್ಪ ನೆನೆಯೋಣ. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾದ ಕಾಲದಲ್ಲಿ ಲೇತಿನ ಹಿಡಿ ಯಾರ ಕೈಯಲ್ಲಿತ್ತೋ ಅವನೇ ಅದರ ಒಡೆಯ. ಅವನ ಜಾಣ್ಮೆ ಅವನ ಬೆರಳಿನಲ್ಲಿತ್ತು. ಅದಕ್ಕೆ ಬೀಗ ಹಾಕಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಅದಕ್ಕೆ ಒಂದು ವರ್ಷ ಹಿಂದೆಯೇ, 1952ರಲ್ಲಿ, ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು, ಜಾನ್ ಪಾರ್ಸನ್ಸ್ ಎಂಬವರ ಕಲ್ಪನೆಯ ಬೆನ್ನು ಹಿಡಿದು, ರಂಧ್ರ ಹೊಡೆದ ಪಟ್ಟಿಯ ಆಜ್ಞೆಯಂತೆ ತಾನೇ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದ್ದರು. ಅಂದಿನಿಂದ ಜಾಣ್ಮೆ ಬೆರಳನ್ನು ಬಿಟ್ಟು ಪಟ್ಟಿಗೆ, ಪಟ್ಟಿಯಿಂದ ಕಂಪ್ಯೂಟರಿನ ಸ್ಮೃತಿಗೆ ಇಳಿಯಿತು. ಬರೆದಿಟ್ಟದ್ದನ್ನು ಅಳಿಸಬಹುದು, ಕದಿಯಬಹುದು, ಕೆಡಿಸಬಹುದು. ಬೀಗದ ಅಗತ್ಯ ಹುಟ್ಟಿದುದು ಹೀಗೆ.

ಇಂದು ಪೀಣ್ಯದಿಂದ ಅತ್ತಿಬೆಲೆಯವರೆಗೆ ಎಲ್ಲ ಕಡೆ ಕಾಣುವ ಫ್ಯಾನಕ್ ನಿಯಂತ್ರಕಗಳಿರುವ ಯಂತ್ರಗಳಲ್ಲಿ ಪ್ರೋಗ್ರಾಮು ತಿದ್ದದಂತೆ ತಡೆಯಲು ಒಂದು ನಿಜವಾದ ಕಬ್ಬಿಣದ ಕೀಲಿಕೈ ಇರುತ್ತದೆ. 9000ದ ಸರಣಿಯ ಪ್ರೋಗ್ರಾಮುಗಳನ್ನು ಮತ್ತೊಂದು ಒಳಬೀಗದಿಂದ ಮುಚ್ಚಬಹುದು. ಯಂತ್ರ ತಯಾರಕರ ಗುಟ್ಟುಗಳು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಸೀಮೆನ್ಸ್ ಕಂಪನಿಯ ಸಿನುಮೆರಿಕ್ ನಿಯಂತ್ರಕಗಳಲ್ಲಿ 0ಯಿಂದ 7ರವರೆಗೆ ಎಂಟು ಮೆಟ್ಟಿಲುಗಳ ಅಧಿಕಾರವುಂಟು. ಮೇಲಿನ ನಾಲ್ಕಕ್ಕೆ ಪಾಸ್‌ವರ್ಡ್. ಕೆಳಗಿನ ನಾಲ್ಕಕ್ಕೆ ತಿರುಗಿಸುವ ಕೀಲಿ, ಕಪ್ಪು, ಹಸಿರು, ಕೆಂಪು ಎಂದು ಬಣ್ಣ ಬಣ್ಣದವು. ಏರ್ಪಾಡು ಅಂದವಾಗಿದೆ. ಆದರೆ ನಾವು ಕಂಡ ಷೆಡ್ಡುಗಳಲ್ಲಿ ಹೆಚ್ಚಿನ ಕಡೆ ಕೀಲಿಕೈ ಯಾವಾಗಲೂ ಬೀಗದಲ್ಲಿಯೇ ಸಿಕ್ಕಿಕೊಂಡಿತ್ತು. ಒಂದು ಕಡೆ ಅದಕ್ಕೆ ಆಯುಧಪೂಜೆಯ ಕುಂಕುಮವನ್ನೂ ಹಚ್ಚಿದ್ದರು. ಪಾಸ್‌ವರ್ಡನ್ನು ಯಂತ್ರದ ಬಾಗಿಲ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದುದನ್ನೂ ಕಂಡಿದ್ದೇವೆ.

ಹೀಗೇಕೆ ಆಗುತ್ತದೆ? ಜನ ಅವಿವೇಕಿಗಳೆಂದಲ್ಲ. ಟೂಲು ಸವೆದಾಗ ಅದರ ಅಳತೆಯನ್ನು ನೂರನೆಯ ಒಂದು ಮಿಲಿಮೀಟರಿನಷ್ಟು ತಿದ್ದಬೇಕಾದವನು ಯಂತ್ರದ ಮುಂದೆ ನಿಂತವನು. ಅವನಿಗೆ ಆ ಹಕ್ಕೂ ಇಲ್ಲದಂತೆ ಮಾಡಿದರೆ, ಪ್ರತಿ ಅರ್ಧ ಗಂಟೆಗೊಮ್ಮೆ ಸೆಟ್ಟರನ್ನು ಹುಡುಕಿಕೊಂಡು ಹೋಗಬೇಕು. ಎರಡು ದಿನ ಹೋಗಿಯಾನು. ಮೂರನೆಯ ದಿನ ಸೆಟ್ಟರೇ ಬೇಸತ್ತು ಪಾಸ್‌ವರ್ಡ್ ಹೇಳಿಬಿಡುತ್ತಾನೆ. ಅತಿಯಾದ ಬಿಗಿ ತಾನೇ ಪೂರ್ತಿ ಸಡಿಲಕ್ಕೆ ದಾರಿ ಮಾಡುತ್ತದೆ. ಆಮೇಲೆ ಯಾವ ತಿದ್ದುಪಡಿ ಯಾರು ಮಾಡಿದ್ದೆಂದು ಬ್ರಹ್ಮನಿಗೂ ತಿಳಿಯದು. ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲರೂ ಒಬ್ಬನೇ. ತಪ್ಪು ನಡೆದಾಗ ಕೊನೆಗೆ ಸಿಕ್ಕಿಬೀಳುವವನು ಷಿಫ್ಟಿನಲ್ಲಿ ಇದ್ದ ಅತ್ಯಂತ ಚಿಕ್ಕವನು. ಅನುಮತಿಗಳನ್ನು ಸರಿಯಾಗಿ ಹಂಚುವುದು ಕಾರ್ಮಿಕನ ಮೇಲಿನ ಅಪನಂಬಿಕೆಯೆಂದು ಕೆಲವು ತರುಣರು ಸಿಟ್ಟಾಗುವುದುಂಟು. ನಾವು ಅದನ್ನು ತಿರುಗಿಸಿ ಹೇಳುತ್ತೇವೆ: ಅವನ ಹೆಸರಿನಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದಕ್ಕೆ ಅವನಿಗೆ ಇರುವ ಸಾಕ್ಷಿ ಅದೊಂದೇ.

ಹಾಗಾದರೆ ಅಳತೆ ಯಾವುದು? 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು ತಮ್ಮ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದನ್ನು ವಿಚಾರಮಾಡಿದ್ದಾರೆ. ಪ್ರತಿಯೊಬ್ಬ ಬಳಕೆದಾರನಿಗೂ, ಪ್ರತಿಯೊಂದು ಪ್ರೋಗ್ರಾಮಿಗೂ ಅದರ ಕೆಲಸ ನಡೆಯಲು ಬೇಕಾದ ಕನಿಷ್ಠ ಹಕ್ಕು ಮಾತ್ರ ಇರಬೇಕೆಂಬುದು ಅವರ ಸೂತ್ರಗಳಲ್ಲೊಂದು. ಕನಿಷ್ಠವೆಂದರೆ ಸೊನ್ನೆಯಲ್ಲ. ಆಪರೇಟರಿಗೆ ಟೂಲಿನ ಅಳತೆ ತಿದ್ದುವ ಹಕ್ಕು ಬೇಕು. ಅಷ್ಟೇ ಅಲ್ಲ, ತನ್ನ ಕಾರ್ಯಸೂಚಿಯನ್ನು ಬರೆಯುವ ಹಕ್ಕೂ ಬೇಕು. ಅತ್ತಿಬೆಲೆಯ ಆ ಹುಡುಗನ ಎಂ110 ಒಳ್ಳೆಯ ಕೆಲಸವೇ ಆಗಿತ್ತು. ಯಂತ್ರದ ಬಳಿ ಎಂಟು ಗಂಟೆ ನಿಂತವನಿಗೆ ಹೊಳೆಯುವುದು ಬೆಂಗಳೂರಿನ ಯಾವ ಕಚೇರಿಯಲ್ಲಿ ಕುಳಿತವನಿಗೂ ಹೊಳೆಯಲಾರದು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಹೇಳದೆ ಬಿಡುವಂತಿಲ್ಲ; ತಿಳಿದವರೂ ಇದರಲ್ಲಿ ಎಡವುತ್ತಾರೆ. ಮೊದಲನೆಯದು: ಒಂದು ಕಾರ್ಯಸೂಚಿಗೆ ಮಾತ್ರ ರೂಟ್ ವೇಷ ತೊಡುವ ಅನುಮತಿ ಕೊಡುವುದು ಸಾಧ್ಯ, ಅದು ಒಳ್ಳೆಯ ಪದ್ಧತಿಯೇ. ಆದರೆ ಆ ಕಾರ್ಯಸೂಚಿಯ ಕಡತವನ್ನು ಯಾರು ಬೇಕಾದರೂ ತಿದ್ದುವಂತಿದ್ದರೆ, ಅವರು ಅದರೊಳಗೆ ತಮಗೆ ಬೇಕಾದುದನ್ನು ಬರೆದು ರೂಟ್‌ನ ಕೈಯಿಂದ ಮಾಡಿಸಿಕೊಳ್ಳಬಹುದು. ಇನ್ನೊಂದು: ಕಡತವನ್ನು ತಿದ್ದಲಾಗದಂತೆ ಭದ್ರಪಡಿಸಿ, ಅದು ಇರುವ ಫೋಲ್ಡರನ್ನು ಬರೆಯುವುದಕ್ಕೆ ತೆರೆದಿಟ್ಟರೆ ಪ್ರಯೋಜನವಿಲ್ಲ. ಫೋಲ್ಡರಿನಲ್ಲಿ ಬರೆಯುವ ಹಕ್ಕುಳ್ಳವನು ಹಳೆಯ ಕಡತವನ್ನು ತೆಗೆದುಹಾಕಿ ಅದೇ ಹೆಸರಿನ ಹೊಸದನ್ನು ಇಡಬಲ್ಲ. ಪೆಟ್ಟಿಗೆಗೆ ಬೀಗ ಹಾಕಿ, ಪೆಟ್ಟಿಗೆಯನ್ನೇ ಬೀದಿಯಲ್ಲಿ ಇಟ್ಟಂತೆ ಇದು.

ಈ ಮಾತುಗಳೆಲ್ಲ ಒಂದು ಸಣ್ಣ ಷೆಡ್ಡಿಗೆ ಅತಿಯಾಯಿತೆಂದು ಯಾರಾದರೂ ಹೇಳಬಹುದು. 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶ ಬಯಲಿಗೆ ಬಂದಿತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗವನ್ನು ಕೆಡಿಸುವುದು ಅದರ ಗುರಿಯಾಗಿತ್ತು. ಅದು ಹರಡಲು ಬಳಸಿದ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ನಿಯಂತ್ರಣ ತಂತ್ರಾಂಶದೊಳಗೆ ತಯಾರಕರೇ ಹುದುಗಿಸಿಟ್ಟಿದ್ದ, ಎಲ್ಲ ಗಿರಾಕಿಗಳಿಗೂ ಒಂದೇ ಆಗಿದ್ದ ಪಾಸ್‌ವರ್ಡ್ ಮತ್ತೊಂದು. ಗುರಿ ಇರಾನಾದರೂ ಸೋಂಕು ತಗಲಿದ ಕಂಪ್ಯೂಟರುಗಳು ಹೆಚ್ಚಾಗಿ ಕಂಡುಬಂದ ದೇಶಗಳಲ್ಲಿ ಇಂಡೊನೇಷ್ಯದ ಜೊತೆಗೆ ಭಾರತವೂ ಸೇರಿತ್ತು. 2018ರ ಆಗಸ್ಟಿನಲ್ಲಿ ತೈವಾನಿನ ಟಿಎಸ್‌ಎಂಸಿ ಎಂಬ ಪ್ರಪಂಚಪ್ರಸಿದ್ಧ ಚಿಪ್ ಕಾರ್ಖಾನೆಯಲ್ಲಿ ಹೊಸದಾಗಿ ಕೂರಿಸಿದ ಒಂದು ಯಂತ್ರದ ಕಂಪ್ಯೂಟರನ್ನು ಪರೀಕ್ಷಿಸದೆ ಜಾಲಕ್ಕೆ ಜೋಡಿಸಿದ್ದರಿಂದ ವಾನಾಕ್ರೈ ಜಾತಿಯ ಸೋಂಕು ಹರಡಿ ಉತ್ಪಾದನೆ ನಿಂತಿತು. ಅಷ್ಟು ದೊಡ್ಡವರಿಗೇ ಹಾಗಾದರೆ, ಒಂದೇ ಪೆನ್ ಡ್ರೈವನ್ನು ಯಂತ್ರಕ್ಕೂ, ಮನೆಯ ಕಂಪ್ಯೂಟರಿಗೂ, ಜೆರಾಕ್ಸ್ ಅಂಗಡಿಗೂ ಸಿಕ್ಕಿಸುವ ನಮ್ಮ ಷೆಡ್ಡುಗಳ ಪಾಡೇನು?

ಇನ್ನೊಂದು ವಿಷಯದಲ್ಲಿ ಮಾತ್ರ ನಾವು ರಾಜಿಗೆ ಸಿದ್ಧರಿಲ್ಲ. ಯಂತ್ರವನ್ನು ತಕ್ಷಣ ನಿಲ್ಲಿಸುವ ಕೆಂಪು ಗುಂಡಿ, ಬಾಗಿಲು ತೆರೆದರೆ ಸ್ಪಿಂಡಲು ನಿಲ್ಲುವ ಸ್ವಿಚ್ಚು, ಇವು ಯಾವ ಕಾರ್ಯಸೂಚಿಯ ಮರ್ಜಿಯಲ್ಲಿಯೂ ಇರತಕ್ಕದ್ದಲ್ಲ. ಅವು ತಂತಿಯ ಮೂಲಕ ನೇರವಾಗಿ ಮೋಟಾರುಗಳ ಶಕ್ತಿಯನ್ನು ಕಡಿಯಬೇಕು. ಕಂಪ್ಯೂಟರಿಗೆ ಸುದ್ದಿ ಆಮೇಲೆ ತಲುಪಿದರೆ ಸಾಕು. 1985ರಿಂದ 1987ರವರೆಗೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಿಂದ ಆರು ಜನ ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗಲಿತು; ಕೆಲವರು ಸತ್ತರು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಅದರಲ್ಲಿ ತೆಗೆದು ತಂತ್ರಾಂಶವನ್ನೇ ನಂಬಿದ್ದರು. ಅತ್ತಿಬೆಲೆಯ ಷೆಡ್ಡಿನಲ್ಲಿ ನಾವು ಮೊದಲು ಪರೀಕ್ಷಿಸಿದುದು ಈ ಗುಂಡಿಯನ್ನು. ಕಂಪ್ಯೂಟರಿನಲ್ಲಿ ಒಂದು ಅಕ್ಷರವೂ ಉಳಿದಿರದಿದ್ದಾಗಲೂ ಅದು ತನ್ನ ಕೆಲಸ ಮಾಡುತ್ತಿತ್ತು. ಅದನ್ನು ಜೋಡಿಸಿದ್ದವರು ಕಂಪ್ಯೂಟರ್ ಬಾರದ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ನರಂತೆ. ಅವರನ್ನು ನೋಡಲು ನಮಗೆ ಅವಕಾಶವಾಗಲಿಲ್ಲ.

ತರುಣನ ಕೆಲಸ ಉಳಿಯಿತು. ಮಾಲೀಕರನ್ನು ನಾವು ಕೇಳಿದ್ದು ಒಂದೇ: "ಎಲ್ಲಾ ಬಾಗಿಲು ತೆರೆಯಪ್ಪ ಅಂತ ಹೇಳಿಕೊಟ್ಟವರು ಯಾರು ಸ್ವಾಮಿ?" ಅವರು ಬಹಳ ಹೊತ್ತು ಸುಮ್ಮನಿದ್ದು, "ಅವನನ್ನೇ ಕೇಳಿ ಸರಿಮಾಡಿಸೋಣ" ಎಂದರು.

ಈಗ ಆ ಕಂಪ್ಯೂಟರಿನಲ್ಲಿ ಮೂರು ಹೆಸರುಗಳಿವೆ. ಆಪರೇಟರಿನ ಹೆಸರಿನಲ್ಲಿ ಯಂತ್ರ ನಡೆಯುತ್ತದೆ. ಎಂ ಆಜ್ಞೆಗಳ ಕಡತಗಳು ಸೆಟ್ಟರಿನ ಹೆಸರಿನ ಫೋಲ್ಡರಿನಲ್ಲಿ, 755ರಲ್ಲಿ ಇವೆ; ತರುಣ ಹೊಸದನ್ನು ಬರೆದರೆ ತನ್ನ ಜಾಗದಲ್ಲಿ ಬರೆದು, ಸ್ಪಿಂಡಲು ನಿಲ್ಲಿಸಿ ಒಣ ಓಟದಲ್ಲಿ ಪರೀಕ್ಷಿಸಿ, ಸೆಟ್ಟರಿಗೆ ತೋರಿಸುತ್ತಾನೆ. ಪೆನ್ ಡ್ರೈವಿನ ಕಾರ್ಯಸೂಚಿ ಹೆಸರು ಖಾಲಿಯಿದ್ದರೆ ಮುಂದಿನ ಸಾಲಿಗೆ ಹೋಗುವುದೇ ಇಲ್ಲ, ರೂಟ್ ವೇಷವನ್ನೂ ತೊಡುವುದಿಲ್ಲ. ಟೂಲಿನ ಪಟ್ಟಿಯನ್ನು ಮಾತ್ರ ಆಪರೇಟರಿನಿಂದ ಮುಚ್ಚಿಡಲು ಬರುವುದಿಲ್ಲ, ಯಂತ್ರವೇ ಅದರಲ್ಲಿ ಬರೆಯಬೇಕು. ಆದ್ದರಿಂದ ಪ್ರತಿ ರಾತ್ರಿ ಅದರ ಒಂದು ನಕಲು ಬೇರೊಂದು ಕಂಪ್ಯೂಟರಿಗೆ ಹೋಗುತ್ತದೆ. ರೂಟ್‌ನ ಪಾಸ್‌ವರ್ಡ್ ಮಾಲೀಕರ ಮೇಜಿನ ಖಾನೆಯಲ್ಲಿ, ಅಂಟಿಸಿದ ಲಕೋಟೆಯಲ್ಲಿ ಇದೆ. ರಾತ್ರಿ ಪಾಳಿಯಲ್ಲಿ ಸೆಟ್ಟರು ಇಲ್ಲದೆ ತೀರಾ ಅಗತ್ಯ ಬಿದ್ದರೆ ಒಡೆಯಬಹುದು. ಆದರೆ ಒಡೆದವರು ಹೆಸರನ್ನೂ ಕಾರಣವನ್ನೂ ಲಕೋಟೆಯ ಮೇಲೆಯೇ ಬರೆಯಬೇಕು, ಮಾರನೆಯ ದಿನ ಪಾಸ್‌ವರ್ಡ್ ಬದಲಾಗುತ್ತದೆ.

ಹೋದ ತಿಂಗಳು ನಾವು ಮತ್ತೆ ಆ ಕಡೆ ಹೋದಾಗ ಲಕೋಟೆ ಎರಡು ಬಾರಿ ಒಡೆದಿತ್ತು. ಮೊದಲನೆಯದರ ಮೇಲೆ, ವಿದ್ಯುತ್ತು ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳಲಿಲ್ಲವೆಂದು ತರುಣನ ಕೈಬರಹ. ಎರಡನೆಯದರ ಮೇಲೆ ಮಾಲೀಕರದೇ ಹೆಸರು. ಕಾರಣದ ಜಾಗದಲ್ಲಿ 'ಪಾಸ್‌ವರ್ಡ್ ಮರೆತಿದ್ದೆ' ಎಂದಿತ್ತು.